ಹೆಸರಿಗಲ್ಲ, ಫ್ರೇಮಿಗೆ ದುಡ್ಡು: ಸೆಕೆಂಡ್ ಹ್ಯಾಂಡ್ ಇಟಾಲಿಯನ್ ರೋಡ್ ಸೈಕಲ್ ಕೊಳ್ಳುವ ಮುನ್ನ

ಹಳೆಯ ಇಟಾಲಿಯನ್ ರೋಡ್ ಸೈಕಲ್ ಮಾರುವವರ ಜಾಹೀರಾತಿಗೆ ಹೆಚ್ಚುಕಡಿಮೆ ಒಂದೇ ಧಾಟಿ. ಮೊದಲಿಗೆ ಒಂದು ದೊಡ್ಡ ಹೆಸರು. ಆಮೇಲೆ ‘ಕೊಲಂಬಸ್ ಪೈಪು’, ‘ಪೂರ್ತಿ ಕಂಪಾನ್ಯೋಲೊ’, ‘ಸೈಜು 56’. ಕೊನೆಗೆ ‘ಕಂಡೀಷನ್ ಚೆನ್ನಾಗಿದೆ’. ಜೊತೆಗೆ ಗೋಡೆಗೆ ಒರಗಿಸಿ ತೆಗೆದ ಎರಡು ಫೋಟೊ, ಅದೂ ಚೈನಿಲ್ಲದ ಕಡೆಯಿಂದ. ಓದಲೋ ಕೆಲಸಕ್ಕೋ ಮಿಲಾನಿನ ಕಡೆ ಹೋದ ನಮ್ಮ ಹುಡುಗರು ಇಂಥದ್ದೊಂದನ್ನು ವಾಟ್ಸಾಪಿಗೆ ಹಾಕಿ ‘ಅಣ್ಣಾ, ತಗೊಳ್ಳಬಹುದಾ?’ ಅಂತ ಕೇಳುತ್ತಾರೆ. ಬೆಂಗಳೂರಿನಲ್ಲೇ ಕೂತು ಯುರೋಪಿನ ತಾಣಗಳನ್ನು ಜಾಲಾಡುವವರೂ ಇದ್ದಾರೆ. ಜಾಹೀರಾತಿನ ಆ ಐದೂ ಮಾತು ನಿಜವೇ ಇರಬಹುದು. ಆದರೆ ಕೊಳ್ಳಬೇಕೋ ಬಿಡಬೇಕೋ ಅನ್ನುವುದನ್ನು ತೀರ್ಮಾನಿಸುವ ಸಂಗತಿಗಳೇ ಬೇರೆ: ಸೀಟನ್ನು ಹೊತ್ತ ಕೊಳವೆ, ಅಂದರೆ ಸೀಟ್ ಪೋಸ್ಟ್, ಹೊರಗೆ ಬರುತ್ತದೆಯೇ, ಪೆಡಲಿನ ಆಕ್ಸಲ್ ಕೂರುವ ಜಾಗದಲ್ಲಿ ಥ್ರೆಡ್ ಉಳಿದಿದೆಯೇ, ಫ್ರೇಮು ನೆಟ್ಟಗಿದೆಯೇ. ಇವನ್ನು ಯಾರೂ ಬರೆದಿರುವುದಿಲ್ಲ. ಹಾಗಾಗಿ ಜಾಹೀರಾತಿನ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಹೆಸರು

ಬಿಯಾಂಕಿ ಕಂಪನಿಯನ್ನು ಎದೊಆರ್ದೊ ಬಿಯಾಂಕಿ ಮಿಲಾನಿನಲ್ಲಿ ಶುರು ಮಾಡಿದ್ದು 1885ರಲ್ಲಿ. ಫೌಸ್ತೊ ಕೊಪ್ಪಿ 1949 ಮತ್ತು 1952ರಲ್ಲಿ ಇಟಲಿಯ ಜೀರೊ, ಫ್ರಾನ್ಸಿನ ಟೂರ್ ಎಂಬ ದೊಡ್ಡ ರೇಸುಗಳೆರಡನ್ನೂ ಗೆದ್ದದ್ದು ಬಿಯಾಂಕಿ ಮೇಲೆ. ಮಾರ್ಕೊ ಪಂತಾನಿ 1998ರಲ್ಲಿ ಅದೇ ಜೋಡಿ ಗೆಲುವು ಸಾಧಿಸಿದ್ದೂ ಬಿಯಾಂಕಿಯಲ್ಲೇ. ಚೆಲೆಸ್ತೆ ಎನ್ನುವ ಆ ತಿಳಿ ಹಸಿರು ಬೆರೆತ ನೀಲಿ ಕಂಡರೆ ಸೈಕಲ್ ಹುಚ್ಚಿನವರು ಕರಗಿಹೋಗುತ್ತಾರೆ. ಆದರೆ ಬಿಯಾಂಕಿ ದೊಡ್ಡ ಕಾರ್ಖಾನೆ. ರೇಸಿಗೆಂದು ಮಾಡಿದ ಸೈಕಲ್ಲಿಗೂ ಪೇಟೆಗೆ ಹೋಗಿಬರಲು ಮಾಡಿದ ಸೈಕಲ್ಲಿಗೂ ಬಳಿದದ್ದು ಅದೇ ಬಣ್ಣ. ಒಂದು ಉಬ್ಬು ಹತ್ತಲು ಹಗುರ, ಇನ್ನೊಂದು ಮಹಡಿ ಮೆಟ್ಟಿಲು ಹತ್ತಿಸಲೂ ಭಾರ. ಫೋಟೊದಲ್ಲಿ ಎರಡೂ ಒಂದೇ.

ಸಣ್ಣ ಕಾರ್ಯಾಗಾರಗಳ ಕತೆ ಬೇರೆ. ಎರ್ನೆಸ್ತೊ ಕೊಲ್ನಾಗೊ 1954ರಲ್ಲಿ ಮಿಲಾನ್ ಹತ್ತಿರದ ಕಂಬಿಯಾಗೊ ಎಂಬ ಊರಲ್ಲಿ ಕೆಲಸ ಶುರುಮಾಡಿದವರು. 1970ರಲ್ಲಿ ಮಿಕೆಲೆ ದಂಚೆಲ್ಲಿ ಮಿಲಾನ್–ಸಾನ್ ರೆಮೊ ರೇಸ್ ಗೆದ್ದ ಮೇಲೆ ಇಸ್ಪೀಟಿನ ಕ್ಲಾವರ್ ಎಲೆ ಅವರ ಗುರುತಾಯಿತು. 1972ರಲ್ಲಿ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದು ದಾಖಲೆ ಮಾಡಿದ ಸೈಕಲ್ ಕಟ್ಟಿಕೊಟ್ಟವರೂ ಇವರೇ. ಊಗೊ ದೆ ರೋಸಾ, ತ್ರೆವೀಜೊದ ಜೊವಾನ್ನಿ ಪಿನರೆಲ್ಲೊ, 1943ರಲ್ಲಿ ಮಿಲಾನ್–ಸಾನ್ ರೆಮೊ ಗೆದ್ದು ಆಮೇಲೆ ಹ್ಯಾಂಡಲ್ ಮತ್ತು ಫ್ರೇಮ್ ತಯಾರಿಕೆಗಿಳಿದ ಚಿನೊ ಚಿನೆಲ್ಲಿ, ಇವರೆಲ್ಲ ಇದೇ ಸಾಲಿನವರು. ಅಂದಿನ ವೃತ್ತಿಪರ ಸವಾರರಲ್ಲಿ ಒಂದು ರೂಢಿ ಇತ್ತು: ತಂಡಕ್ಕೆ ದುಡ್ಡು ಕೊಡುವ ಕಂಪನಿಯ ಸೈಕಲ್ ಒಗ್ಗದಿದ್ದರೆ ತನಗೆ ಬೇಕಾದ ಕಸುಬುದಾರನಿಂದ ಫ್ರೇಮು ಕಟ್ಟಿಸಿ, ಮೇಲೆ ತಂಡದ ಹೆಸರು ಬರೆಸಿಕೊಳ್ಳುವುದು. ಬಣ್ಣದ ಮೇಲಿನ ಹೆಸರು ಬೇರೆ, ಬೆಸುಗೆ ಹಾಕಿದ ಕೈ ಬೇರೆ.

ಮಾಸಿಯನ್ನೇ ನೋಡಿ. ಫಾಲಿಯೆರೊ ಮಾಸಿಯ ಕಾರ್ಯಾಗಾರ ಮಿಲಾನಿನ ವಿಗೊರೆಲ್ಲಿ ಎಂಬ ಸೈಕಲ್ ರೇಸಿನ ಮೈದಾನದಲ್ಲೇ ಇತ್ತು. 1970ರ ದಶಕದಲ್ಲಿ ಹೆಸರಿನ ಹಕ್ಕು ಅಮೆರಿಕಕ್ಕೆ ಹೋಯಿತು; ಅಲ್ಲೂ ಮಾಸಿ ಸೈಕಲ್ ತಯಾರಾಯಿತು, ಇತ್ತ ಮಗ ಅಲ್ಬೆರ್ತೊ ವಿಗೊರೆಲ್ಲಿಯಲ್ಲಿ ತನ್ನ ಫ್ರೇಮು ಕಟ್ಟುತ್ತಲೇ ಹೋದ. ‘ಮಾಸಿ’ ಅಂತ ಬರೆದದ್ದೆಲ್ಲ ಒಂದೇ ಅಂದುಕೊಂಡವರು ಒಂದರ ಬೆಲೆಗೆ ಇನ್ನೊಂದನ್ನು ಕೊಳ್ಳುತ್ತಾರೆ.

ನನ್ನನ್ನು ಕೇಳಿದರೆ ಹೊಸಬರು ದೊಡ್ಡ ಹೆಸರನ್ನು ಬಿಡುವುದೇ ಒಳ್ಳೆಯದು. ಲೊಂಬಾರ್ದಿ, ವೆನೆತೊ ಪ್ರಾಂತಗಳಲ್ಲಿ ಊರಿಗೊಬ್ಬ ಫ್ರೇಮ್ ಕಟ್ಟುವವನಿದ್ದ ಕಾಲವೊಂದಿತ್ತು. ಅವರ ಹೆಸರನ್ನು ಹತ್ತಿರದ ಸೈಕಲ್ ಕ್ಲಬ್ಬಿನವರ ಹೊರತು ಯಾರೂ ಕೇಳಿರುವುದಿಲ್ಲ. ಪೈಪು ಅದೇ, ಪೈಪುಗಳನ್ನು ಕೂಡಿಸುವ ಲಗ್ ಅದೇ ಜಾತಿಯದು, ಎಷ್ಟೋ ಸಲ ಕೆಲಸ ದೊಡ್ಡ ಹೆಸರಿನವರಿಗಿಂತ ನಾಜೂಕು. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಬೆಲೆಯ ವಿಷಯದಲ್ಲಿ ಇನ್ನೊಂದು ವಿಚಿತ್ರ ಇದೆ. ಟಸ್ಕನಿಯ ಗಯೋಲೆ ಇನ್ ಕಿಯಾಂಟಿ ಎಂಬ ಊರಲ್ಲಿ 1997ರಲ್ಲಿ ಎರೋಯಿಕಾ ಎಂಬ ಸವಾರಿ ಶುರುವಾಯಿತು. ಮಣ್ಣು ರಸ್ತೆಯಲ್ಲಿ ಹಳೆ ಸೈಕಲ್ ತುಳಿಯುವ ಹಬ್ಬ ಅದು. ನಿಯಮದ ಪ್ರಕಾರ ಸೈಕಲ್ 1987ಕ್ಕಿಂತ ಮುಂಚಿನದಾಗಿರಬೇಕು, ಗೇರಿನ ಕಡ್ಡಿ ಕೆಳಪೈಪಿನ ಮೇಲಿರಬೇಕು, ಪೆಡಲಿಗೆ ಪಟ್ಟಿ ಕಟ್ಟಿರಬೇಕು, ಬ್ರೇಕ್ ಕೇಬಲ್ ಹ್ಯಾಂಡಲಿನ ಹೊರಗೆ ಕಮಾನಾಗಿ ಹಾಯಬೇಕು. ಈ ಹಬ್ಬ ಹೆಸರಾದಂತೆ ಆ ಕಾಲದ ಸೈಕಲ್ಲಿಗೆ ಗಿರಾಕಿ ಹೆಚ್ಚಿದರು. ಹಾಗಾಗಿ 1985ರ ಫ್ರೇಮಿಗೂ 1992ರ ಫ್ರೇಮಿಗೂ ಗುಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲದಿದ್ದರೂ ಮೊದಲನೆಯದಕ್ಕೆ ಜನ ಮುಗಿಬೀಳುತ್ತಾರೆ. ಎರೋಯಿಕಾಕ್ಕೆ ಹೋಗುವ ಉದ್ದೇಶವಿಲ್ಲದವರು ಅದಕ್ಕೆ ಯಾಕೆ ದುಡ್ಡು ಸುರಿಯಬೇಕು? 1990ರ ದಶಕದ ಮೊದಲ ಭಾಗದ ಸ್ಟೀಲ್ ಸೈಕಲ್ ಹುಡುಕಿ. ಬ್ರೇಕಿನ ಹಿಡಿಯಲ್ಲೇ ಗೇರು ಬದಲಿಸುವ ಸೌಕರ್ಯ ಬಂದಿರುತ್ತದೆ, ಹಿಂದಿನ ಚಕ್ರದ ಅಗಲ ಇಂದಿನ ಸಾಮಾನಿಗೆ ಹೊಂದುತ್ತದೆ, ಬೆಲೆಯೂ ಕೈಗೆಟುಕುತ್ತದೆ.

ಕೊಲಂಬಸ್ ಸ್ಟಿಕ್ಕರ್

ಕೊಲಂಬಸ್ ಅಂದರೆ ಮಿಲಾನಿನ ಪೈಪು ಕಂಪನಿ, ಪಾರಿವಾಳ ಅದರ ಗುರುತು. ಸೀಟಿನ ಕೆಳಗಿನ ಪೈಪಿಗೆ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ‘ಕೊಲಂಬಸ್’ ಅನ್ನುವುದಕ್ಕಿಂತ ಮುಂದಿನ ಅಕ್ಷರ ಮುಖ್ಯ. ಎಸ್‌ಎಲ್, ಎಸ್‌ಪಿ, ಎಸ್‌ಎಲ್‌ಎಕ್ಸ್ ಎಂಬವು ಕ್ರೋಮ್–ಮಾಲಿಬ್ಡಿನಂ ಉಕ್ಕಿನ ರೇಸ್ ಪೈಪುಗಳು. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು: ಎಸ್‌ಎಲ್‌ನಲ್ಲಿ ತುದಿ 0.9 ಮಿ.ಮೀ., ನಡು 0.6 ಮಿ.ಮೀ. ಎಸ್‌ಪಿ ಅದಕ್ಕಿಂತ 0.1 ಮಿ.ಮೀ. ದಪ್ಪ, ದೊಡ್ಡ ಆಳುಗಳಿಗೆ. ಎಸ್‌ಎಲ್‌ಎಕ್ಸ್‌ನಲ್ಲಿ ಪೆಡಲಿನ ಹತ್ತಿರ ಪೈಪಿನ ಒಳಗೆ ಸುರುಳಿ ಏಣುಗಳಿರುತ್ತವೆ. ಅಎಲ್ಲೆ ಎಂಬುದು ಕಡಿಮೆ ಬೆಲೆಯ, ಇನ್ನಷ್ಟು ದಪ್ಪದ ಪೈಪು. ಓಡಿಸಲು ಅದು ಕೆಟ್ಟದ್ದೇನಲ್ಲ, ಆದರೆ ಎಸ್‌ಎಲ್ ಬೆಲೆ ಕೊಟ್ಟು ಅಎಲ್ಲೆ ತರುವುದು ಪೆದ್ದುತನ.

ತೊಂದರೆ ಏನೆಂದರೆ ಸ್ಟಿಕ್ಕರ್ ಬಿಡಿಯಾಗಿಯೂ ಸಿಗುತ್ತದೆ. ಬಣ್ಣ ಹೊಡೆಸಿದವನು ಯಾವುದನ್ನು ಅಂಟಿಸಿದರೂ ಕೇಳುವವರಿಲ್ಲ. ಆದ್ದರಿಂದ ಸ್ಟಿಕ್ಕರ್ ಓದಿ ಸುಮ್ಮನಾಗದೆ ಸೀಟ್ ಪೋಸ್ಟ್ ಹೊರಗೆ ಎಳೆಯಿರಿ.

ಅದನ್ನು ಹೇಗೆ ಓದುವುದು ಅಂತ ಹೇಳುತ್ತೇನೆ. ಸೀಟಿನ ಹಿಂದಿನ ಬೋಲ್ಟು ಸಡಿಲಿಸಿ ಪೋಸ್ಟನ್ನು ತಿರುಗಿಸುತ್ತಾ ಮೇಲೆತ್ತಿ. ಒರೆಸಿ ನೋಡಿದರೆ ಕೆಳತುದಿಯ ಹತ್ತಿರ ಸಂಖ್ಯೆ ಕೊರೆದಿರುತ್ತದೆ. ಆ ಕಾಲದ ಸೀಟ್ ಪೈಪಿನ ಹೊರ ಅಗಲ 28.6 ಮಿ.ಮೀ. ಈ ಪೈಪು ಕೆಳತುದಿಯಲ್ಲಷ್ಟೇ ದಪ್ಪ, ಹಾಗಾಗಿ ಎಸ್‌ಎಲ್ ಆದರೆ ಮೇಲ್ತುದಿಯ ಗೋಡೆ 0.6, ಎರಡೂ ಬದಿ ಸೇರಿ 1.2 ಕಳೆದರೆ ಒಳ ಅಗಲ 27.4. ಪೋಸ್ಟ್ ಸಲೀಸಾಗಿ ಆಡಲು ಸ್ವಲ್ಪ ಜಾಗ ಬೇಕಲ್ಲ, ಹಾಗಾಗಿ ಅದಕ್ಕೆ 27.2ರ ಪೋಸ್ಟ್. ಎಸ್‌ಪಿಗೆ 27.0. ಸ್ಟಿಕ್ಕರ್ ‘ಎಸ್‌ಎಲ್’ ಅನ್ನುತ್ತಿದ್ದು ಪೋಸ್ಟಿನ ಮೇಲೆ 26 ಚಿಲ್ಲರೆ ಇದ್ದರೆ ಎರಡರಲ್ಲಿ ಒಂದು: ಪೈಪು ಎಸ್‌ಎಲ್ ಅಲ್ಲ, ಇಲ್ಲವೇ ಯಾರೋ ಸಣ್ಣ ಪೋಸ್ಟ್ ತುರುಕಿ ಬೋಲ್ಟನ್ನು ಹಿಂಡಿ ಕೂರಿಸಿದ್ದಾರೆ. ಎರಡನೆಯದಾದರೆ ಬೋಲ್ಟಿನ ಕಿವಿಗಳು ಒಂದಕ್ಕೊಂದು ತಾಗುವಷ್ಟು ಬಾಗಿರುತ್ತವೆ, ಕಣ್ಣಿಗೇ ಕಾಣುತ್ತದೆ. ಈ ಲೆಕ್ಕ ಒಂದೇ ಸಾಕ್ಷಿಯಾಗಲಾರದು, ಆದರೆ ಮಾರುವವನ ಮಾತಿಗಿಂತ ಗಟ್ಟಿ.

ಪೋಸ್ಟ್ ಬರಲೇ ಇಲ್ಲ ಅಂದರೆ? ಹಳೆ ಇಟಾಲಿಯನ್ ಸೈಕಲ್ಲಿನ ದೊಡ್ಡ ಕಾಯಿಲೆ ಇದೇ. ಅಲ್ಯೂಮಿನಿಯಂ ಪೋಸ್ಟು ಉಕ್ಕಿನ ಪೈಪಿನೊಳಗೆ ವರ್ಷಗಟ್ಟಲೆ ಗ್ರೀಸಿಲ್ಲದೆ ಕೂತಾಗ ಬೆವರು, ಮಳೆನೀರು ಇಳಿದು ಎರಡು ಲೋಹಗಳ ನಡುವೆ ವಿದ್ಯುದ್ರಾಸಾಯನಿಕ ಕ್ರಿಯೆ ನಡೆಯುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಬಿಳಿ ಪುಡಿಯಾಗಿ ಉಬ್ಬಿ ಪೋಸ್ಟನ್ನು ಬಿಗಿದು ಹಿಡಿಯುತ್ತದೆ. ಹ್ಯಾಂಡಲಿನ ಕತ್ತಿಗೂ ಹೀಗೇ ಆಗುತ್ತದೆ. ಬಿಡಿಸಲು ದಾರಿಗಳಿವೆ: ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯುವುದು, ಅಮೋನಿಯಾ ಹಾಕುವುದು, ಪೋಸ್ಟನ್ನು ವೈಸಿಗೆ ಕಟ್ಟಿ ಫ್ರೇಮನ್ನೇ ತಿರುಗಿಸುವುದು. ಯಾವುದಕ್ಕೂ ಜಗ್ಗದಿದ್ದರೆ ಪೋಸ್ಟನ್ನು ಒಳಗಿನಿಂದ ಗರಗಸದಲ್ಲಿ ಸೀಳಿ ತೆಗೆಯುತ್ತಾರೆ, ಅಥವಾ ಕಾಸ್ಟಿಕ್ ಸೋಡಾದಲ್ಲಿ ಕರಗಿಸುತ್ತಾರೆ. ಕೊನೆಯದು ಕಣ್ಣು, ಚರ್ಮ ಎರಡನ್ನೂ ಸುಡುವ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಜಾಹೀರಾತು ನೋಡಿದ ಕೂಡಲೇ ಕೇಳಬೇಕಾದ ಮೊದಲ ಪ್ರಶ್ನೆ ಇದು: ‘ಸೀಟ್ ಪೋಸ್ಟ್ ಮೇಲೆ ಕೆಳಗೆ ಆಡುತ್ತದೆಯೇ? ಒಂದು ವಿಡಿಯೊ ಕಳಿಸಿ.’ ಸಬೂಬು ಹೇಳಿದರೆ ಬಿಟ್ಟುಬಿಡಿ.

ಇಟಾಲಿಯನ್ ಥ್ರೆಡ್

ಪೆಡಲಿನ ಕ್ರ್ಯಾಂಕುಗಳನ್ನು ಜೋಡಿಸುವ ಆಕ್ಸಲ್ಲು, ಬೇರಿಂಗು ಕೂರುವ ಅಡ್ಡ ಕೊಳವೆಗೆ ಬಾಟಮ್ ಬ್ರಾಕೆಟ್ ಶೆಲ್ ಅಂತ ಹೆಸರು, ಅಂಗಡಿಯಲ್ಲಿ ಬಿ.ಬಿ. ಅಂದರೆ ಸಾಕು. ಪ್ರಪಂಚದ ಬಹುಪಾಲು ಥ್ರೆಡ್ಡಿನ ಬಿ.ಬಿ.ಗಳು ಇಂಗ್ಲಿಷ್ ಅಳತೆಯವು: 68 ಮಿ.ಮೀ. ಅಗಲ, 1.37 ಇಂಚಿನ ತೂತು. ಇಟಲಿಯದು 70 ಮಿ.ಮೀ. ಅಗಲ, 36 ಮಿ.ಮೀ. ತೂತು. ಇಂಚಿಗೆ 24 ಸುತ್ತು ಅನ್ನುವುದು ಎರಡಕ್ಕೂ ಸಮಾನ. ಒಂದರದು ಇನ್ನೊಂದಕ್ಕೆ ಹಿಡಿಯುವುದಿಲ್ಲ.

ಅಳತೆಗಿಂತ ದೊಡ್ಡ ವ್ಯತ್ಯಾಸ ತಿರುಗುವ ದಿಕ್ಕಿನದು. ನಮ್ಮೂರ ಯಾವ ಸೈಕಲ್ ಅಂಗಡಿಯ ಹುಡುಗನನ್ನು ಕೇಳಿದರೂ ಎಡ ಪೆಡಲ್ ಉಲ್ಟಾ ಬಿಚ್ಚಬೇಕು ಅನ್ನುತ್ತಾನೆ. ಕಾರಣ ಇದು: ತುಳಿಯುವಾಗ ಭಾರ ಬೇರಿಂಗಿನ ಸುತ್ತ ಸುತ್ತುತ್ತಾ ಹೋಗುತ್ತದೆ, ಆ ಸುತ್ತುವ ಒತ್ತಡ ಥ್ರೆಡ್ಡನ್ನು ನಿಧಾನವಾಗಿ ಒಂದು ದಿಕ್ಕಿಗೆ ಸರಿಸುತ್ತದೆ. ಆ ದಿಕ್ಕು ಬಿಗಿಯುವ ಕಡೆಗಿರಲಿ ಅಂತ ಎಡ ಪೆಡಲಿಗೆ ಎಡಗೈ ಥ್ರೆಡ್ ಕೊಟ್ಟಿದ್ದಾರೆ. ಬಿ.ಬಿ.ಯಲ್ಲೂ ಅದೇ ತೊಂದರೆ, ಆದರೆ ಇಲ್ಲಿ ಬೇರಿಂಗ್ ಕೂರುವ ಬಟ್ಟಲಿನಂಥ ಕಪ್ಪು (ಕಪ್) ಹೊರಗೆ, ಆಕ್ಸಲ್ ಒಳಗೆ ಇರುವುದರಿಂದ ತೊಂದರೆಗೆ ಸಿಗುವುದು ಬಲಗಡೆಯ, ಅಂದರೆ ಚೈನ್ ಕಡೆಯ ಕಪ್ಪು. ಇಂಗ್ಲಿಷರು ಬಲಗಡೆಗೆ ಎಡಗೈ ಥ್ರೆಡ್ ಕೊಟ್ಟು ಪಾರಾದರು. ಇಟಾಲಿಯನ್ನರು ಎರಡೂ ಕಡೆ ಬಲಗೈ ಥ್ರೆಡ್ಡನ್ನೇ ಉಳಿಸಿಕೊಂಡರು. ಹೀಗಾಗಿ ಇಟಾಲಿಯನ್ ಸೈಕಲ್ಲಿನ ಬಲಗಡೆಯ ಕಪ್ಪು, ಬಿಗಿಯಾಗಿ ಕೂರಿಸದಿದ್ದರೆ, ತುಳಿದಷ್ಟೂ ಸಡಿಲವಾಗುತ್ತದೆ. ಗೊತ್ತಿದ್ದ ಮೆಕ್ಯಾನಿಕ್ ಕಪ್ಪನ್ನು ಬಲವಾಗಿ ಬಿಗಿದು, ಥ್ರೆಡ್ಡಿಗೆ ಲಾಕ್ ಮಾಡುವ ಅಂಟನ್ನೂ ಹಾಕುತ್ತಾನೆ. ಗೊತ್ತಿಲ್ಲದವನ ಕೈಗೆ ಸಿಕ್ಕಿದ ಸೈಕಲ್ಲಿನಲ್ಲಿ ಸಡಿಲ ಕಪ್ಪು ಕುಲುಕಿ ಕುಲುಕಿ ಫ್ರೇಮಿನ ಥ್ರೆಡ್ಡನ್ನೇ ತಿಂದುಹಾಕಿರುತ್ತದೆ.

ತಿಂದಮೇಲೆ ಏನು ಮಾಡುವುದು? ಇಂಗ್ಲಿಷ್ ಥ್ರೆಡ್ಡಿನ ಉಕ್ಕಿನ ಫ್ರೇಮು ಹಾಳಾದರೆ ಅದನ್ನು ತುಸು ಅಗಲ ಮಾಡಿ ಇಟಾಲಿಯನ್ ಅಳತೆಗೆ ಕೊರೆಯಬಹುದು. ಇಟಾಲಿಯನ್ನೇ ಹಾಳಾದರೆ ಅದರ ಮುಂದಿನ ಸೈಜು ಇಲ್ಲ. ಥ್ರೆಡ್ ಬೇಡದೆ ಎರಡು ಕಡೆಯಿಂದ ಹಿಡಿದು ಕೂರುವ ಬದಲಿ ಬಿ.ಬಿ.ಗಳಿವೆ, ತೇಪೆ ಹಾಕಿದ ಹಾಗೆ ನಡೆಯುತ್ತದೆ. ಹೊಸ ಶೆಲ್ ಬೆಸೆಯಲು ಹೋದರೆ ಮೂಗಿಗಿಂತ ಮೂಗುತಿ ಭಾರ.

ಪರೀಕ್ಷೆ ಸುಲಭ. ಎರಡು ಕ್ರ್ಯಾಂಕಿನ ತುದಿ ಹಿಡಿದು ಫ್ರೇಮಿನ ಕಡೆಗೆ ಅಡ್ಡ ಅಲುಗಿಸಿ. ಟಕ್ ಎಂದರೆ ಬೇರಿಂಗ್ ಸವೆದಿರಬಹುದು. ಅದು ಸಣ್ಣ ಖರ್ಚು. ಆದರೆ ಅಲುಗಿಸುವಾಗ ಕಪ್ಪಿನ ಅಂಚೇ ಶೆಲ್ಲಿನಲ್ಲಿ ಸರಿದಾಡುವುದು ಕಂಡರೆ ಥ್ರೆಡ್ ಹೋಗಿದೆ ಅಂತ ಅರ್ಥ. ಇದಕ್ಕೆ ರಿಯಾಯಿತಿ ಕೇಳಿ ಕೊಳ್ಳುವುದಕ್ಕಿಂತ ಮುಂದಿನ ಸೈಕಲ್ ನೋಡುವುದು ಮೇಲು.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶೆಲ್ಲಿನ ತಳದಲ್ಲಿ 55, 56 ಎಂದು ಕೊರೆದದ್ದನ್ನು ಕೆಲವರು ಫ್ರೇಮಿನ ನಂಬರ್ ಅಂದುಕೊಳ್ಳುತ್ತಾರೆ. ಅದು ಸಾಮಾನ್ಯವಾಗಿ ಸೈಜು. ಕೈಯಿಂದ ಕಟ್ಟಿದ ಎಷ್ಟೋ ಇಟಾಲಿಯನ್ ಫ್ರೇಮುಗಳಿಗೆ ನಂಬರೇ ಇರುವುದಿಲ್ಲ. ಕಳವಿನ ಮಾಲೋ ಅಲ್ಲವೋ ಅಂತ ನಂಬರಿನಿಂದ ತಿಳಿಯುವುದು ಕಷ್ಟವಾದ್ದರಿಂದ ಮಾರುವವನ ಗುರುತು, ಸಹಿ ಇರುವ ಒಂದು ಚೀಟಿ ಬರೆಸಿಕೊಳ್ಳಿ. ಮನೆಗೆ ಕರೆಯದೆ ರೈಲ್ವೆ ಸ್ಟೇಷನ್ನಿನ ಮುಂದೆ ಬಾ ಅನ್ನುವವನ ಹತ್ತಿರ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಬೇಡಿ.

‘ಪೂರ್ತಿ ಕಂಪಾನ್ಯೋಲೊ’

ಗೇರು, ಬ್ರೇಕಿನಂಥ ಸಾಮಾನು ಮಾಡುವ ಇದು ತುಲ್ಲಿಯೊ ಕಂಪಾನ್ಯೋಲೊ ವಿಚೆಂಜಾದಲ್ಲಿ 1933ರಲ್ಲಿ ಕಟ್ಟಿದ ಕಂಪನಿ. ಚಕ್ರವನ್ನು ಪಾನಾ ಇಲ್ಲದೆ ಬಿಚ್ಚುವ ಕ್ವಿಕ್ ರಿಲೀಸ್ ಹಿಡಿಯನ್ನು ಜಗತ್ತಿಗೆ ಕೊಟ್ಟವನು ಆತ. ಹಳೆಯ ಕಂಪಾನ್ಯೋಲೊ ಸಾಮಾನಿನ ಒಂದು ಉಪಕಾರ ಏನೆಂದರೆ ಅದೇ ತನ್ನ ವಯಸ್ಸು ಹೇಳುತ್ತದೆ. ನುವೊವೊ ರೆಕಾರ್ಡ್, ಸೂಪರ್ ರೆಕಾರ್ಡ್ ಎಂಬ ಮಾದರಿಗಳಲ್ಲಿ ಹಿಂದಿನ ಡೆರೇಲರಿನ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನ) ಮೇಲೆ ‘ಪ್ಯಾಟ್. 78’ ಎಂಬಂತೆ ಇಸವಿ ಎರಕದಲ್ಲೇ ಮೂಡಿರುತ್ತದೆ. ಮಾರುವವನು 1972ರ ಸೈಕಲ್ ಅಂದು, ಡೆರೇಲರಿನ ಮೇಲೆ 81 ಇದ್ದರೆ, ಎರಡರಲ್ಲಿ ಒಂದು: ಅವನ ಮಾತು ತಪ್ಪು, ಇಲ್ಲವೇ ಡೆರೇಲರ್ ಆಮೇಲೆ ಹಾಕಿದ್ದು.

ಹೊಳೆಯುವ ಸಾಮಾನೆಲ್ಲ ಗಟ್ಟಿಯೂ ಆಗಿರಬೇಕೆಂದಿಲ್ಲ. ಆ ಕಾಲದ ಸೂಪರ್ ರೆಕಾರ್ಡ್ ಕ್ರ್ಯಾಂಕಿನಲ್ಲಿ ಉದ್ದನೆ ತೋಳು ಐದು ಕೊಂಬುಗಳಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಿಡುವುದು ಹೆಸರುವಾಸಿ ದೋಷ. ಮೊಬೈಲ್ ಟಾರ್ಚ್ ಹಿಡಿದು, ಬಟ್ಟೆಯಿಂದ ಎಣ್ಣೆಜಿಡ್ಡು ಒರೆಸಿ, ಆ ಮೂಲೆಯಲ್ಲಿ ಉಗುರು ಓಡಿಸಿ. ಉಗುರು ಸಿಕ್ಕಿಕೊಂಡರೆ ಆ ಕ್ರ್ಯಾಂಕು ಗೋಡೆಗೆ ತೂಗುಹಾಕಲಷ್ಟೇ ಲಾಯಕ್ಕು. ಹಳೆ ಅಲ್ಯೂಮಿನಿಯಂ ಹ್ಯಾಂಡಲ್ಲೂ ಅಷ್ಟೇ: ಎಷ್ಟು ವರ್ಷದ ಬೆವರು ಕುಡಿದಿದೆಯೋ ತಿಳಿಯದು, ಬದಲಿಸಿಬಿಡಿ. ಅದಕ್ಕೂ ಮೊದಲು ನಡು ಅಳತೆ ನೋಡಿಕೊಳ್ಳಿ. ಹಳೆ ಚಿನೆಲ್ಲಿ ಹ್ಯಾಂಡಲ್ 26.4 ಮಿ.ಮೀ., ಮಿಕ್ಕ ಇಟಾಲಿಯನ್ನು ಹೆಚ್ಚಾಗಿ 26.0, ಇಂದಿನವು 31.8.

ಹಲ್ಲಿನ ಲೆಕ್ಕವನ್ನು ಹೊಸಬರು ಮರೆಯುತ್ತಾರೆ. ಎಂಬತ್ತರ ದಶಕದ ರೇಸ್ ಸೈಕಲ್ಲಿನಲ್ಲಿ ಮುಂದೆ 52 ಮತ್ತು 42, ಹಿಂದೆ ದೊಡ್ಡದೆಂದರೆ 21 ಅಥವಾ 23 ಹಲ್ಲು. ಇಪ್ಪತ್ತರ ಹರೆಯದ ರೇಸಿನವನಿಗೆ ಅದು ಸರಿ. ನಂದಿಬೆಟ್ಟ ಹತ್ತುವ ಆಸೆಯಿಟ್ಟುಕೊಂಡು ವಾರವಿಡೀ ಕುರ್ಚಿಯಲ್ಲಿ ಕೂರುವವನು 42–21ರಲ್ಲಿ ಮೊದಲ ತಿರುವಿಗೇ ಇಳಿದು ತಳ್ಳಬೇಕಾಗುತ್ತದೆ. ಚಿಕ್ಕ ಚೈನ್ ಚಕ್ರ ಹಾಕೋಣ ಅಂದರೆ ಆ ಕ್ರ್ಯಾಂಕಿನ ಬೋಲ್ಟುಗಳ ವೃತ್ತ 144 ಮಿ.ಮೀ., 41ಕ್ಕಿಂತ ಸಣ್ಣದು ಕೂರುವುದಿಲ್ಲ.

ಹಿಡಿಯಲ್ಲೇ ಗೇರಿರುವ ಎರ್ಗೊಪವರ್ ಬಂದದ್ದು 1992ರಲ್ಲಿ, 8 ಗೇರಿನೊಂದಿಗೆ. ಒಳಗಿನ ಸಣ್ಣ ಸ್ಪ್ರಿಂಗು ಸವೆದು ಗೇರು ನಿಲ್ಲದಂತಾದರೆ ಬಿಚ್ಚಿ ಬದಲಿಸಬಹುದು. ಆ ಕಾಲದ ಜಪಾನಿನ ಶಿಮಾನೊ ಕಂಪನಿಯ ಹಿಡಿಗಳಿಗಿಲ್ಲದ ಸೌಲಭ್ಯ. ಆದರೆ 8 ಗೇರಿನ ಕಂಪಾನ್ಯೋಲೊ ಹಬ್ಬಿನ ಹಲ್ಲುಗಳ ಆಕಾರ 1997ರಲ್ಲಿ ಬಂದ 9 ಗೇರಿನದಕ್ಕಿಂತ ಬೇರೆ. 8ರ ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಈಗ ಹುಡುಕಿ ತರಬೇಕು. 9 ಅಥವಾ 10 ಗೇರಿನದಾದರೆ ತಲೆನೋವು ಕಡಿಮೆ. ಶಿಮಾನೊ ಚಕ್ರ ತಂದು ಕಂಪಾನ್ಯೋಲೊ ಹಿಡಿಗೆ ಜೋಡಿಸುವ ಜುಗಾಡ್‌ಗಳಿವೆ, ಅವು ಹೊಸಬರಿಗಲ್ಲ.

ಹಿಂದಿನ ಚಕ್ರ ಕೂರುವ ಜಾಗದ ಅಗಲವನ್ನೂ ಅಳೆಯಿರಿ: 5 ಗೇರಿನ ಕಾಲದಲ್ಲಿ 120 ಮಿ.ಮೀ., 6–7ರ ಕಾಲದಲ್ಲಿ 126, 8ರಿಂದ ಮುಂದೆ 130. ಸ್ಟೀಲ್ ಫ್ರೇಮಿನ 126ನ್ನು ಬಲ್ಲವನ ಕೈಯಲ್ಲಿ ಬಾಗಿಸಿ 130 ಮಾಡಿಸಬಹುದು. ಅಲ್ಯೂಮಿನಿಯಂ, ಕಾರ್ಬನ್ನಿಗೆ ಈ ಮಾತು ಬೇಡ, ಮುರಿದೇಹೋಗುತ್ತದೆ. ಚಕ್ರಗಳಿಗೆ ಅಂಟಿನಲ್ಲಿ ಕೂರಿಸುವ ಟ್ಯೂಬುಲರ್ ಟಯರ್ ಇದ್ದರೆ ಪಂಕ್ಚರ್ ಆದ ದಿನ ಗೋಳು. ಮಾಮೂಲಿ ಟಯರಿನ ಚಕ್ರಕ್ಕೆಂದು ದುಡ್ಡು ಎತ್ತಿಡಿ.

ಸೈಜು

‘56’ ಅಂದರೆ ಸೀಟ್ ಪೈಪಿನ ಉದ್ದ, ಸೆಂಟಿಮೀಟರಿನಲ್ಲಿ. ಆದರೆ ಎಲ್ಲಿಂದ ಎಲ್ಲಿಗೆ? ಕೆಲವರು ಬಿ.ಬಿ.ಯ ನಡುವಿನಿಂದ ಮೇಲ್ಪೈಪಿನ ನಡುವಿಗೆ ಅಳೆಯುತ್ತಾರೆ, ಕೊಲ್ನಾಗೊದಂಥವರು ಪೈಪಿನ ತುದಿಗೆ. ಎರಡಕ್ಕೂ ಒಂದೂವರೆ, ಎರಡು ಸೆಂ.ಮೀ. ವ್ಯತ್ಯಾಸ. ಮಾರುವವನಿಗೆ ಟೇಪು ಹಿಡಿದ ಫೋಟೊ ಕಳಿಸಲು ಹೇಳಿ. ಸೀಟಿನ ಎತ್ತರ ಹೇಗೂ ಹೆಚ್ಚುಕಡಿಮೆ ಮಾಡಬಹುದು, ಆದ್ದರಿಂದ ಮೇಲ್ಪೈಪಿನ ಉದ್ದವೇ ಹೆಚ್ಚು ಮುಖ್ಯ. ಈಗ ನಿಮಗೆ ಒಗ್ಗಿರುವ ಸೈಕಲ್ಲಿನದನ್ನು ಅಡ್ಡವಾಗಿ ಅಳೆದು ಹೋಲಿಸಿ. ಚೆಂದ ಕಂಡಿತೆಂದು ಎರಡು ಸೈಜು ದೊಡ್ಡದು ತಂದವರ ಬೆನ್ನು ಅವರಿಗೇ ಬುದ್ಧಿ ಹೇಳುತ್ತದೆ.

‘ಕಂಡೀಷನ್ ಚೆನ್ನಾಗಿದೆ’

ಮೊದಲು ಮುಂಭಾಗ. ಹ್ಯಾಂಡಲ್ ಕತ್ತಿನ ಹಿಂದೆ, ಮೇಲ್ಪೈಪು ಮತ್ತು ಕೆಳಪೈಪಿನ ಅಡಿಯಲ್ಲಿ, ಲಗ್ಗಿನಿಂದ ಎರಡು ಮೂರು ಬೆರಳು ಹಿಂದಕ್ಕೆ ಕೈಯಾಡಿಸಿ. ಎದುರಿಗೆ ಗುದ್ದಿದ ಫ್ರೇಮಿನಲ್ಲಿ ಅಲ್ಲಿ ಸಣ್ಣ ಉಬ್ಬು ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ, ಕೆಲವೊಮ್ಮೆ ಅಡ್ಡಕ್ಕೆ ಬಣ್ಣ ಸೀಳಿರುತ್ತದೆ. ಪಕ್ಕದಿಂದ ನೋಡಿ ಫೋರ್ಕ್ ಹಿಂದಕ್ಕೆ ಬಾಗಿದೆಯೇ ಗಮನಿಸಿ.

ಆಮೇಲೆ ದಾರದ ಪರೀಕ್ಷೆ. ಹಿಂದಿನ ಚಕ್ರ ಬಿಚ್ಚಿ, ಒಂದು ದಾರವನ್ನು ಬಲಗಡೆಯ ಚಕ್ರದ ಬಾಯಿಗೆ ಕಟ್ಟಿ, ಮುಂದೆ ಹ್ಯಾಂಡಲ್ ಪೈಪನ್ನು ಬಳಸಿ ತಂದು ಎಡಗಡೆಯ ಬಾಯಿಗೆ ಬಿಗಿಯಾಗಿ ಕಟ್ಟಿ. ಈಗ ಸೀಟ್ ಪೈಪಿನ ಎರಡೂ ಬದಿಯಲ್ಲಿ ದಾರಕ್ಕೂ ಪೈಪಿಗೂ ಇರುವ ಅಂತರ ಅಳೆಯಿರಿ. ಸಮ ಇರಬೇಕು. ಒಂದೆರಡು ಮಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಐದು ಆರು ಬಂದರೆ ಹಿಂಭಾಗ ಸೊಟ್ಟಗಿದೆ. ಸ್ಟೀಲ್ ಆದ್ದರಿಂದ ಸರಿಮಾಡಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಒಂದು ದಾರ, ಒಂದು ಅಡಿಪಟ್ಟಿ ಜೇಬಲ್ಲಿಟ್ಟುಕೊಂಡು ಹೋದವನನ್ನು ಮಾರುವವನೂ ಸ್ವಲ್ಪ ಗೌರವದಿಂದ ಕಾಣುತ್ತಾನೆ.

ತುಕ್ಕು ಎಲ್ಲ ಕಡೆ ಕೆಟ್ಟದ್ದಲ್ಲ. ಮೇಲ್ಮೈ ಚುಕ್ಕೆಗಳನ್ನು ಬಿಡಿ. ಮೇಲ್ಪೈಪಿನ ಮೇಲೆ ಬ್ರೇಕ್ ಕೇಬಲ್ ಕ್ಲಿಪ್ಪುಗಳ ಕೆಳಗೆ ನೋಡಿ. ಚಳಿಗಾಲವಿಡೀ ಮನೆಯೊಳಗೆ ರೋಲರಿನ ಮೇಲೆ ತುಳಿದ ಸೈಕಲ್ಲಿಗೆ ಬೆವರು ಸುರಿದು ಅಲ್ಲೇ ತಿಂದಿರುತ್ತದೆ. ಬಿ.ಬಿ.ಯ ತಳ, ಸೀಟ್ ಪೈಪಿನ ಒಳಗೂ ಟಾರ್ಚ್ ಬಿಡಿ. ಹೊಸದಾಗಿ ಬಣ್ಣ ಹೊಡೆಸಿದ್ದನ್ನು ಕಂಡರೆ ನನಗೆ ಅನುಮಾನ ಹೆಚ್ಚು: ಗೀರು ತುಂಬಿದ ಮೂಲ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ.

ಕಾರ್ಬನ್ ಆದರೆ

1994ರಲ್ಲಿ ಕೊಲ್ನಾಗೊ ಸಿ40 ಬಂತು, ಕಾರ್ಬನ್ ಪೈಪುಗಳನ್ನು ಕಾರ್ಬನ್ ಲಗ್ಗಿಗೆ ಅಂಟಿಸಿದ ಫ್ರೇಮು. ಮರುವರ್ಷವೇ ಫ್ರಾಂಕೊ ಬಲ್ಲೆರಿನಿ ಅದರ ಮೇಲೆ ಕಲ್ಲುಹಾಸಿನ ಪ್ಯಾರಿಸ್–ರೂಬೆ ರೇಸ್ ಗೆದ್ದ. 1996ರಲ್ಲಿ ಅದೇ ರೇಸಿನಲ್ಲಿ ಮಾಪೆಯ್ ತಂಡದ ಮೂವರು ಮೊದಲ ಮೂರು ಸ್ಥಾನಗಳನ್ನೂ ಹಿಡಿದರು. ಅಷ್ಟು ಪೆಟ್ಟು ತಾಳಿದ ಫ್ರೇಮು ಅನ್ನುವುದು ನಿಜ, ಆದರೆ ನಿಮ್ಮ ಕೈಗೆ ಬರುವುದು ಇಪ್ಪತ್ತೈದು ಮೂವತ್ತು ವರ್ಷದ ಅಂಟು. ಕಾರ್ಬನ್ ಬಾಗುವುದಿಲ್ಲ, ಒಳಗೇ ಪದರ ಬಿಡುತ್ತದೆ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ, ಬಿಟ್ಟ ಜಾಗದಲ್ಲಿ ದಡ್ ಎನ್ನುತ್ತದೆ. ಪಕ್ಕಾ ಸಾಕ್ಷಿ ಬೇಕೆಂದರೆ ಕಾರ್ಬನ್ ದುರಸ್ತಿ ಮಾಡುವವರ ಹತ್ತಿರ ಸ್ಕ್ಯಾನ್ ಮಾಡಿಸಬೇಕು.

ಇಲ್ಲೂ ಹೆಸರಿನ ಆಟ ಇದೆ. ಕೊಲ್ನಾಗೊದ ಸಿ ಸರಣಿ ಇಟಲಿಯಲ್ಲಿ ತಯಾರಾದದ್ದು, ಒಂದೇ ಅಚ್ಚಿನ ವಿ ಸರಣಿಯಂಥವು ತೈವಾನಿನವು. ತೈವಾನ್ ಅಂದ ಮಾತ್ರಕ್ಕೆ ಕಳಪೆಯಲ್ಲ. ಒಳ್ಳೊಳ್ಳೆಯ ಕಾರ್ಬನ್ ಕೆಲಸ ಅಲ್ಲೇ ನಡೆಯುವುದು. ‘ಇಟಲಿಯಲ್ಲಿ ತಯಾರಾದದ್ದು’ ಎಂಬುದಕ್ಕೇ ಹೆಚ್ಚು ದುಡ್ಡು ಕೊಡುತ್ತಿದ್ದರೆ ಯಾವುದಕ್ಕೆ ಕೊಡುತ್ತಿದ್ದೀರಿ ಎಂಬುದು ಗೊತ್ತಿರಲಿ ಅಷ್ಟೇ. ಇನ್ನು ಪಿನರೆಲ್ಲೊ ದೋಗ್ಮಾ ಫ್ರೇಮಿನ ನಕಲು ಎಷ್ಟು ಹರಡಿದೆಯೆಂದರೆ ಅದಕ್ಕೆ ‘ಚೈನರೆಲ್ಲೊ’ ಅಂತ ಅಡ್ಡಹೆಸರೇ ಬಿದ್ದಿದೆ. ನಕಲಿನ ಹೊರಮೈ ಮೋಸಮಾಡುತ್ತದೆ, ಒಳಮೈ ಮಾಡುವುದಿಲ್ಲ: ಸೀಟ್ ಪೋಸ್ಟ್ ತೆಗೆದು ಒಳಗೆ ಟಾರ್ಚ್ ಬಿಟ್ಟರೆ ಸುಕ್ಕುಗಟ್ಟಿದ ಬಟ್ಟೆ, ಅಂಟಿನ ಗಡ್ಡೆ, ಉಳಿದುಹೋದ ಪ್ಲಾಸ್ಟಿಕ್ ಕಾಣಬಹುದು. ಮೊದಲು ಕೊಂಡ ಬಿಲ್ಲಿಲ್ಲದ ದೋಗ್ಮಾ ಕಡೆ ನಾನಂತೂ ತಲೆ ಹಾಕುವುದಿಲ್ಲ. ಹೊಸ ಕೊಲ್ನಾಗೊಗಳಲ್ಲಿ ಮೊಬೈಲಿನಿಂದ ಓದಬಹುದಾದ ಎನ್‌ಎಫ್‌ಸಿ ಚಿಪ್ ಬಂದಿದೆ, ಮಾಲೀಕತ್ವದ ದಾಖಲೆ ಅದಕ್ಕೆ ಜೋಡಿಸಿರುತ್ತದೆ. ಹಳೆಯವಕ್ಕೆ ಆ ಭಾಗ್ಯ ಇಲ್ಲ.

ಬೆಲೆ ಮಾತಾಡುವಾಗ ಚೈನು, ಕೇಬಲ್ಲು, ಬ್ರೇಕ್ ಪ್ಯಾಡು, ಟಯರು, ಹ್ಯಾಂಡಲ್ ಟೇಪು, ಬಿ.ಬಿ. ಎಲ್ಲವೂ ಹೊಸದು ಬೇಕೆಂದೇ ಲೆಕ್ಕ ಹಾಕಿ, ಮಾರುವವನ ಮುಂದೆಯೇ ಕೂಡಿಸಿ. ಸೈಕಲ್ಲಿನ ಅರ್ಧ ಬೆಲೆ ಅದಕ್ಕೇ ಹೋಗುವುದು ಅಪರೂಪವಲ್ಲ.

ಕೊಂಡದ್ದನ್ನು ಊರಿಗೆ ತರುವ ಯೋಚನೆ ಇದ್ದರೆ ಹಳೆ ಸಾಮಾನಿನ ಕಸ್ಟಮ್ಸ್ ನಿಯಮವನ್ನು ಟಿಕೆಟ್ ಮಾಡಿಸುವ ಮೊದಲೇ ವಿಚಾರಿಸಿ, ವಿಮಾನ ನಿಲ್ದಾಣದಲ್ಲಿ ಅಲ್ಲ. ಟಯರಿಗೆ ಎಷ್ಟು ಜಾಗವಿದೆ ಎಂದೂ ನೋಡಿಕೊಂಡಿರಿ. ತೊಂಬತ್ತರ ದಶಕದ ರೇಸ್ ಫ್ರೇಮುಗಳಲ್ಲಿ ಬಹಳಷ್ಟಕ್ಕೆ 25 ಮಿ.ಮೀ.ಗಿಂತ ದಪ್ಪ ಟಯರ್ ಹಿಡಿಯುವುದಿಲ್ಲ, ನಮ್ಮ ರಸ್ತೆಗೆ 28 ಇದ್ದರೆ ಕೈ, ಬೆನ್ನು ಎರಡೂ ಉಳಿದಾವು. ಇನ್ನು 36 ಮಿ.ಮೀ. ಇಟಾಲಿಯನ್ ಥ್ರೆಡ್ ಕೊರೆಯುವ ಟ್ಯಾಪು ಬೆಂಗಳೂರಿನಲ್ಲೂ ಬೀದಿಗೊಂದು ಅಂಗಡಿಯಲ್ಲಿ ಸಿಗುವುದಿಲ್ಲ. ಅಲ್ಲಿರುವಾಗಲೇ ಶೆಲ್ಲಿನ ಥ್ರೆಡ್ ಶುಚಿ ಮಾಡಿಸಿ, ಹೊಸ ಬಿ.ಬಿ. ಹಾಕಿಸಿ, ಸೀಟ್ ಪೋಸ್ಟಿಗೂ ಹ್ಯಾಂಡಲ್ ಕತ್ತಿಗೂ ಗ್ರೀಸ್ ಬಳಿಸಿ, ಇನ್ನೊಂದು ಇಟಾಲಿಯನ್ ಬಿ.ಬಿ.ಯನ್ನು ಬಟ್ಟೆಗಳ ನಡುವೆ ಸುತ್ತಿ ಪೆಟ್ಟಿಗೆಗೆ ಹಾಕಿಕೊಳ್ಳಿ.